ಕಡಿಮೆ ಇರುವುದೇ ಮೊದಲು ಮುಗಿಯಬೇಕೇ?

ನಾನು ಆಪ್ತಸಲಹೆಗಾರಳು. ಇಂಥ ಪ್ರಕರಣ ಮತ್ತೆ ಮತ್ತೆ ನನ್ನ ಮುಂದೆ ಬಂದು ಕೂರುತ್ತಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

17 ವರ್ಷದ ವಿಜ್ಞಾನದ ವಿದ್ಯಾರ್ಥಿನಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಯಿಲ್ಲ, ರಸಾಯನಶಾಸ್ತ್ರದ ಲೆಕ್ಕ ಕಂಡರೆ ಕೈ ನಡುಕ. ಮನೆಯವರು 'ಪರೀಕ್ಷಾ ಭಯ' ಎಂದು ಹೆಸರಿಟ್ಟೇ ಕಳುಹಿಸಿದ್ದರು. ಮೊದಲ ಎರಡು ಭೇಟಿಗಳಲ್ಲಿ ನಾನೂ ಅದನ್ನೇ ನಂಬಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಏನೂ ಬದಲಾಗಲಿಲ್ಲ.

ಮೂರನೆಯ ಭೇಟಿಯಲ್ಲಿ ಅವಳು ಹೇಳಿದಳು: "ಪ್ರತಿ ಸಲವೂ ಒಂದೇ ರೀತಿ ಮಾಡುತ್ತೇನೆ ಮೇಡಂ. ಒಮ್ಮೆ ಸರಿಯಾಗುತ್ತದೆ, ಇನ್ನೊಮ್ಮೆ ತಪ್ಪಾಗುತ್ತದೆ. ಏಕೆಂದು ತಿಳಿಯುವುದಿಲ್ಲ. ನನ್ನ ತಲೆಯ ಮೇಲೆ ನನಗೇ ನಂಬಿಕೆ ಹೋಗಿದೆ."

ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ಸಲಹೆಗಾರಳಾಗುವ ಮೊದಲು ನಾನು ಇದೇ ವಿಷಯ ಪಾಠ ಮಾಡಿದವಳು. ಕಾಗದ ಕೊಟ್ಟು ಒಂದು ಲೆಕ್ಕ ಹೇಳಿದೆ: 27 ಗ್ರಾಂ ಅಲ್ಯೂಮಿನಿಯಂ, 85.2 ಗ್ರಾಂ ಕ್ಲೋರಿನ್ ಅನಿಲ. ಎರಡು ಮೋಲ್ (ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಅಳತೆ) ಅಲ್ಯೂಮಿನಿಯಂ ಮೂರು ಮೋಲ್ ಕ್ಲೋರಿನ್‌ನೊಂದಿಗೆ ಸೇರಿ ಎರಡು ಮೋಲ್ ಅಲ್ಯೂಮಿನಿಯಂ ಕ್ಲೋರೈಡ್ ಆಗುತ್ತದೆ. ಇಲ್ಲಿ ಮಿತಿ ಹಾಕುವ ಪ್ರತಿವರ್ತಕ, ಅಂದರೆ ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ ವಸ್ತು ಯಾವುದು?

ಅವಳು ಚಕಚಕನೆ ಬರೆದಳು. ಅಲ್ಯೂಮಿನಿಯಂ 1 ಮೋಲ್, ಕ್ಲೋರಿನ್ 1.2 ಮೋಲ್. ಎರಡೂ ಸರಿ. ನಂತರ ಅಲ್ಯೂಮಿನಿಯಂ ಸುತ್ತ ಗೆರೆ ಎಳೆದಳು. ಏಕೆ ಎಂದು ಕೇಳಿದೆ.

"ಕಡಿಮೆ ಇರುವುದೇ ಮೊದಲು ಮುಗಿಯಬೇಕಲ್ಲವೇ ಮೇಡಂ?"

"ಆ 1 ಮೋಲ್ ಅಲ್ಯೂಮಿನಿಯಂ ಪೂರ್ತಿ ಮುಗಿಯಬೇಕಾದರೆ ಎಷ್ಟು ಕ್ಲೋರಿನ್ ಬೇಕು?"

"ಒಂದೂವರೆ ಮೋಲ್."

"ಇರುವುದೆಷ್ಟು?"

ಅವಳು ಕಾಗದವನ್ನೇ ನೋಡುತ್ತ ಕುಳಿತಳು. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದಳು: "ಜಾಸ್ತಿ ಇರುವುದೇ ಸಾಲುತ್ತಿಲ್ಲ."

ಅವಳ ಭಯದ ಬೇರು ಅಲ್ಲಿತ್ತು. 'ಕಡಿಮೆ ಮೋಲ್ ಇರುವುದೇ ಮಿತಿ' ಎಂಬ ನಿಯಮವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಅದು ತಾನಾಗಿ ಮನಸ್ಸಿನಲ್ಲಿ ಬೆಳೆದಿತ್ತು. ಎರಡೂ ಸಮ ಪ್ರಮಾಣದಲ್ಲಿ ಸೇರುವ ಕ್ರಿಯೆಗಳಲ್ಲಿ ಅದು ಯಾವಾಗಲೂ ಸರಿ, ಉಳಿದ ಕಡೆ ಎಷ್ಟೋ ಬಾರಿ ಆಕಸ್ಮಿಕವಾಗಿ ಸರಿ. ಯಾವಾಗಲೂ ತಪ್ಪಾಗುವ ನಿಯಮವನ್ನು ಮಕ್ಕಳು ಬೇಗ ಬಿಟ್ಟುಬಿಡುತ್ತಾರೆ. ಆಗಾಗ ಸರಿಯಾಗುವ ನಿಯಮ ಅವರನ್ನು ಒಳಗಿನಿಂದ ಅಲುಗಾಡಿಸುತ್ತದೆ, ಏಕೆಂದರೆ ತಪ್ಪು ಕಣ್ಣಿಗೆ ಬೀಳದೆ ತಾವೇ ತಪ್ಪು ಎನಿಸತೊಡಗುತ್ತದೆ.

ಲೆಕ್ಕ ಹೇಳಿಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ ಎಂದು ಸಹೋದ್ಯೋಗಿಯೊಬ್ಬರು ನನಗೆ ಹೇಳಿದರು. ಅವರ ಮೇಲೆ ಗೌರವವಿದೆ, ಈ ಮಾತನ್ನು ಮಾತ್ರ ಒಪ್ಪಲಾರೆ. ಒಂದು ನಿರ್ದಿಷ್ಟ ತಪ್ಪು ಹುಟ್ಟಿಸಿದ ಆತಂಕವನ್ನು ಬರೀ ಸಮಾಧಾನದ ಮಾತಿನಿಂದ ಕಳೆಯಲು ಹೊರಟರೆ, ತಪ್ಪು ಅಲ್ಲೇ ಉಳಿದು ಆತಂಕ ಮರಳಿ ಬರುತ್ತದೆ. ಉಸಿರಾಟದ ಅಭ್ಯಾಸ ಕೈನಡುಕವನ್ನು ತಗ್ಗಿಸಬಹುದು, ಆದರೆ ಒಂದಕ್ಕೆ ಒಂದೂವರೆ ಬೇಕು ಎಂಬುದನ್ನು ಅದು ಹೇಳಿಕೊಡುವುದಿಲ್ಲ.

ನಾನು ಕೊಟ್ಟ ಸಲಹೆ ಸಣ್ಣದು. ಮೂರು ವಾರ ಗಡಿಯಾರ ಇಟ್ಟುಕೊಂಡು ಲೆಕ್ಕ ಮಾಡಬೇಡ. ಪ್ರತಿ ಲೆಕ್ಕದಲ್ಲೂ ಮೋಲ್ ಕಂಡುಹಿಡಿದ ಮೇಲೆ ನಿಂತು ಒಂದು ವಾಕ್ಯ ಬರೆ: 'ಇದು ಪೂರ್ತಿ ಮುಗಿಯಲು ಅದು ಇಷ್ಟು ಬೇಕು, ಇರುವುದು ಇಷ್ಟು.' ಮೋಲ್ ಸಂಖ್ಯೆಯನ್ನು ಸಮೀಕರಣದಲ್ಲಿ ಅದರ ಮುಂದಿರುವ ಅಂಕಿಯಿಂದ ಭಾಗಿಸಿ ಹೋಲಿಸುವ ಚುಟುಕು ದಾರಿಯೂ ಇದೆ. ಇಲ್ಲಿ 0.5 ಮತ್ತು 0.4 ಬರುತ್ತದೆ, ಚಿಕ್ಕದಾದ ಕ್ಲೋರಿನ್ ಮಿತಿ. ಆದರೆ ಅದನ್ನು ಬೇಕೆಂದೇ ತಡವಾಗಿ ಹೇಳಿಕೊಟ್ಟೆ. ಅರ್ಥವಾಗುವ ಮೊದಲೇ ಕೈಗೆ ಸಿಕ್ಕಿದ್ದರೆ ಅದು ಇನ್ನೊಂದು ಕುರುಡು ನಿಯಮವಾಗುತ್ತಿತ್ತು.

ಕೊನೆಗೆ, ಉಳಿದದ್ದನ್ನು ಎಂದೂ ಬಿಡಬೇಡ ಎಂದೆ. ಪ್ರಶ್ನೆ ಕೇಳದಿದ್ದರೂ ಹೆಚ್ಚುವರಿ ಎಷ್ಟು ಉಳಿಯಿತೆಂದು ಬರೆ. ಅವಳೇ ಮಾಡಿದಳು: ಉಂಟಾದ ಅಲ್ಯೂಮಿನಿಯಂ ಕ್ಲೋರೈಡ್ 0.8 ಮೋಲ್, ಅಂದರೆ 106.8 ಗ್ರಾಂ. ಖರ್ಚಾದ ಅಲ್ಯೂಮಿನಿಯಂ 21.6 ಗ್ರಾಂ, ಉಳಿದದ್ದು 5.4 ಗ್ರಾಂ. 106.8 ಮತ್ತು 5.4 ಕೂಡಿಸಿದರೆ 112.2. ಮೊದಲು ಇದ್ದದ್ದೂ 27 ಮತ್ತು 85.2 ಸೇರಿ 112.2. ಆ ಎರಡು ಸಂಖ್ಯೆಗಳ ಕೆಳಗೆ ಅವಳು ಎರಡೆರಡು ಬಾರಿ ಗೆರೆ ಎಳೆದದ್ದು ನನಗೆ ಇನ್ನೂ ನೆನಪಿದೆ. ಉತ್ತರ ಸರಿಯೇ ಎಂದು ಬೇರೆಯವರ ಮುಖ ನೋಡಬೇಕಾಗಿಲ್ಲ ಎಂಬುದು ಅವಳಿಗೆ ಮೊದಲ ಬಾರಿ ಗೊತ್ತಾಗಿತ್ತು.

ತಿಂಗಳ ನಂತರ ಬಂದಾಗ ನಿದ್ದೆಯ ಬಗ್ಗೆ ನಾನೇ ಕೇಳಬೇಕಾಯಿತು. ಪರವಾಗಿಲ್ಲ ಎಂದಷ್ಟೇ ಹೇಳಿ ತನ್ನ ಪ್ರಶ್ನೆ ಮುಂದಿಟ್ಟಳು: "ಎರಡೂ ಒಟ್ಟಿಗೆ ಮುಗಿದರೆ ಯಾವುದನ್ನು ಮಿತಿ ಎನ್ನಬೇಕು ಮೇಡಂ?" ನಾನು ಉತ್ತರಿಸುವ ಮುನ್ನವೇ ಹಳೆಯ ಕಾಗದವನ್ನು ಹೊರತೆಗೆದು, 27 ಹೊಡೆದುಹಾಕಿ, ಅದರ ಪಕ್ಕದಲ್ಲಿ 21.6 ಎಂದು ಬರೆದಳು.