ಟೆಸ್ಟೊಸ್ಟೆರಾನ್ ಜಾಸ್ತಿ, ವೀರ್ಯಾಣು ಸೊನ್ನೆ

ಇಂಥ ಪ್ರಕರಣ ಸಲಹೆಗಾರನಾದ ನನ್ನ ಮುಂದೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ ದಂಪತಿ, ಮಕ್ಕಳಾಗಿಲ್ಲ. ಹೆಂಡತಿಗೆ ಸ್ಕ್ಯಾನ್, ಟ್ಯೂಬ್ ಪರೀಕ್ಷೆ ಎಲ್ಲ ಮುಗಿದು ಲ್ಯಾಪರೊಸ್ಕೋಪಿಗೆ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಒಳಗೆ ನೋಡುವ ಶಸ್ತ್ರಚಿಕಿತ್ಸೆ) ದಿನ ನೋಡುತ್ತಿದ್ದರು. ಗಂಡನ ವೀರ್ಯ ಪರೀಕ್ಷೆ ನಡೆದದ್ದು ಕಟ್ಟಕಡೆಗೆ. ಎರಡು ಸಲವೂ ವೀರ್ಯಾಣು ಸೊನ್ನೆ.

"ನನ್ನ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ 1,400 ಇದೆ, ಮಾಮೂಲಿಗಿಂತ ಜಾಸ್ತಿ. ಆ ರಿಪೋರ್ಟೇ ತಪ್ಪು" ಎಂದರು ಆತ.

ಆ ಹಾರ್ಮೋನ್ ಪರೀಕ್ಷೆಯ ಹಾಳೆಯಲ್ಲೇ ಕೆಳಗಿನ ಸಾಲಿನಲ್ಲಿ ಎಲ್‌ಎಚ್ (ಟೆಸ್ಟೊಸ್ಟೆರಾನ್ ತಯಾರಿಸುವಂತೆ ವೃಷಣಕ್ಕೆ ಸೂಚಿಸುವ ಹಾರ್ಮೋನ್) 0.1 ಎಂದಿತ್ತು. ಟೆಸ್ಟೊಸ್ಟೆರಾನ್ ಅಷ್ಟು ಮೇಲಿದ್ದು ಎಲ್‌ಎಚ್ ಹೀಗೆ ನೆಲಕಚ್ಚಿದ್ದರೆ ಹಾರ್ಮೋನ್ ಹೊರಗಿನಿಂದ ಬರುತ್ತಿದೆ ಎಂಬ ಅನುಮಾನ ಮೊದಲು ಬರಬೇಕು. ಒಬ್ಬರನ್ನೇ ಕೂರಿಸಿ ಕೇಳಿದಾಗ ಹೇಳಿದರು: ಜಿಮ್‌ನಲ್ಲಿ ಪರಿಚಯದವರು ಕೊಟ್ಟ ಟೆಸ್ಟೊಸ್ಟೆರಾನ್ ಇಂಜೆಕ್ಷನ್, ವಾರಕ್ಕೆ 250 ಮಿಲಿಗ್ರಾಂ, ವರ್ಷ ದಾಟಿತ್ತು.

ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್‌ಎಚ್ ವೃಷಣದಲ್ಲಿ ಟೆಸ್ಟೊಸ್ಟೆರಾನ್ ತಯಾರಿಸುವ ಲೇಡಿಗ್ ಕೋಶಗಳನ್ನು ಎಬ್ಬಿಸುತ್ತದೆ. ಆಗ ಸ್ಟಾರ್ ಎಂಬ ಪ್ರೋಟೀನ್ ಕೊಲೆಸ್ಟರಾಲನ್ನು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ಒಳಪೊರೆಗೆ ಸಾಗಿಸುತ್ತದೆ, ಕಿಣ್ವಗಳು ಒಂದರ ನಂತರ ಒಂದು ಅದನ್ನು ಟೆಸ್ಟೊಸ್ಟೆರಾನ್ ಆಗಿಸುತ್ತವೆ. ವೃಷಣದೊಳಗೆ ಅದರ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು. ವೀರ್ಯಾಣು ಬಲಿಯುವುದು ಆ ಮಟ್ಟದಲ್ಲಿ. ಇಂಜೆಕ್ಷನ್ ರಕ್ತವನ್ನು ತುಂಬಿಸಿದಾಗ ಪಿಟ್ಯುಟರಿ ಎಲ್‌ಎಚ್ ಮತ್ತು ವೀರ್ಯಾಣು ತಯಾರಿಗೆ ನೆರವಾಗುವ ಎಫ್‌ಎಸ್‌ಎಚ್ ಹಾರ್ಮೋನ್ ಎರಡನ್ನೂ ತಗ್ಗಿಸುತ್ತದೆ, ಕಿಣ್ವಗಳು ಸೊರಗುತ್ತವೆ, ವೃಷಣ ಬರಿದಾಗುತ್ತದೆ. ರಕ್ತದ 1,400 ಆ ಕೊರತೆಯನ್ನು ತುಂಬಲಾರದು.

ಇಂಜೆಕ್ಷನ್ ನಿಲ್ಲಿಸಿ, ಆದರೆ ಒಬ್ಬರೇ ನಿರ್ಧರಿಸಿ ಅಲ್ಲ, ಹಾರ್ಮೋನ್ ತಜ್ಞರ ಕೈಕೆಳಗೆ ಎಂದೆ. ಬಿಟ್ಟ ಮೇಲೆ ಕೆಲವು ವಾರ ಸುಸ್ತು, ನಿರಾಸಕ್ತಿ, ಮನಸ್ಸು ಕುಗ್ಗುವುದು ಇರುತ್ತದೆ. ಅದಕ್ಕೆ ಹೆದರಿಯೇ ಹಲವರು ಮತ್ತೆ ಚುಚ್ಚಿಕೊಳ್ಳುತ್ತಾರೆ. ಬೇಕಿದ್ದರೆ ಎಲ್‌ಎಚ್‌ನ ಕೆಲಸ ಮಾಡುವ ಎಚ್‌ಸಿಜಿ ಎಂಬ ಹಾರ್ಮೋನನ್ನು ತಜ್ಞರು ಕೊಡುತ್ತಾರೆ. ಹೆಂಡತಿಗೆ ತಾವೇ ಹೇಳಬೇಕು, ಅದೂ ಲ್ಯಾಪರೊಸ್ಕೋಪಿಗೆ ಮುಂಚೆ ಎಂದು ಒತ್ತಿ ಹೇಳಿದೆ. ಇದು ಸಲಹೆಗಾರರ ಮಿತಿ ಮೀರಿದ್ದು ಎನ್ನುವವರಿದ್ದಾರೆ. ಕಾರಣ ಗೊತ್ತಿದ್ದೂ ಆಕೆಯ ಹೊಟ್ಟೆಗೆ ಕತ್ತರಿ ಹಾಕಿಸಲು ಸುಮ್ಮನಿರುವುದು ನನಗೆ ಒಪ್ಪಿಗೆಯಿಲ್ಲ. ಹೆಂಡತಿಗೆ 35 ದಾಟಿದ್ದರೆ ಮಾತ್ರ ಆಕೆಯ ಮುಂದಿನ ತಪಾಸಣೆ ಕಾಯುವಂತಿಲ್ಲ. ಗಂಡನ ಚಿಕಿತ್ಸೆ, ಆಕೆಯ ತಪಾಸಣೆ ಎರಡೂ ಒಟ್ಟಿಗೆ ನಡೆಯಬೇಕು.

ವೀರ್ಯಾಣು ತಯಾರಾಗಲು 70 ದಿನಕ್ಕೂ ಹೆಚ್ಚು ಬೇಕು. ಆದ್ದರಿಂದ ವೀರ್ಯ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಸಾಕು, 2ರಿಂದ 7 ದಿನ ಸಂಯಮವಿಟ್ಟು. ಹೆಚ್ಚಿನವರಿಗೆ ಇಂಜೆಕ್ಷನ್ ಬಿಟ್ಟ ಆರು ತಿಂಗಳಿಂದ ವರ್ಷದೊಳಗೆ ವೀರ್ಯಾಣು ಮರಳುತ್ತದೆ, ಕೆಲವರಿಗೆ ಎರಡು ವರ್ಷ. ಬಿಟ್ಟ ನಂತರದ ಮೊದಲ ಪರೀಕ್ಷೆ ಸೊನ್ನೆ ಬಂದರೂ ಆಗಲೇ ಕೈಚೆಲ್ಲುವ ಅಗತ್ಯವಿಲ್ಲ.