ಕಂಪ್ಯೂಟರ್ ಕಟ್ಟೆ: ಹೆಡರ್ ಸಿಗದು, ಲೈಬ್ರರಿ ಕಾಣದು

ಈ ಸಲದ ಪ್ರಶ್ನೆಗಳೆಲ್ಲ ಲಿನಕ್ಸ್‌ನಲ್ಲಿ ಸೋರ್ಸ್‌ನಿಂದ (ಪ್ರೋಗ್ರಾಂ ಬರೆದ ಮೂಲ ಪಠ್ಯದಿಂದ) ಕಂಪೈಲ್ ಮಾಡಲು, ಅಂದರೆ ಅದನ್ನು ಓಡಬಲ್ಲ ಪ್ರೋಗ್ರಾಂ ಆಗಿಸಲು, ಹೋಗಿ ಅರ್ಧಕ್ಕೆ ನಿಂತವರವು. ಉತ್ತರಗಳು ಉಬುಂಟು, ಮಿಂಟ್, ಡೆಬಿಯನ್ ಲೆಕ್ಕದಲ್ಲಿವೆ. ಆದೇಶಗಳನ್ನು ಉಚ್ಚಾರದಂತೆ ಅಚ್ಚು ಹಾಕಿದ್ದೇವೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಹೊಡೆಯಬೇಕು.

ಪ್ರಶ್ನೆ: ಸರ, ಸೋರ್ಸ್ ಇಳಿಸ್ಕೊಂಡು ಮೇಕ್ ಕೊಟ್ರ ಪರದೆ ತುಂಬ ಎರರ್ ಬರ್ತಾವು. ಕೊನೀಗೆ 'ಎರರ್ 2' ಅಂತ ನಿಲ್ಲತೈತಿ. ಈ ಎರರ್ 2 ಅಂದ್ರ ಏನ್ರಿ? ಹುಡುಕಿದ್ರ ಒಬ್ಬೊಬ್ರು ಒಂದೊಂದು ಹೇಳ್ತಾರ.
— ಓದುಗರು, ರಾಣೆಬೆನ್ನೂರು

ಉತ್ತರ: ಎರರ್ 2 ಅಂದರೆ ಏನೂ ಅಲ್ಲ. 'ಕೆಳಗಿನ ಕೆಲಸ ಕೆಟ್ಟಿತು, ಅದಕ್ಕೆ ನಾನೂ ನಿಂತೆ' ಎಂದು ಮೇಕ್ (ಕಂಪೈಲ್ ಕೆಲಸಗಳನ್ನು ಸಾಲಾಗಿ ನಡೆಸುವ ಆದೇಶ) ಹೇಳುವ ಮಾತು, ಅಷ್ಟೇ. ಅದನ್ನೇ ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳದೆ ಇನ್ನೇನು ಮಾಡಿಯಾರು? ನಿಮಗೆ ಬೇಕಾದದ್ದು ಮೊದಲ ಎರರ್. ಉಳಿದವು ಬಹುತೇಕ ಅದರ ಬಾಲ.

'ಮೇಕ್ 2>&1 | ಟೀ ಬಿಲ್ಡ್.ಲಾಗ್' ಎಂದು ಕೊಡಿ. ಪರದೆಯ ಮೇಲೆ ಬಂದದ್ದೆಲ್ಲ ಫೈಲಿಗೂ ಹೋಗುತ್ತದೆ, ಆಮೇಲೆ 'ಎರರ್' ಪದವನ್ನು ಮೇಲಿನಿಂದ ಹುಡುಕಬಹುದು. '-ಜೆ4' ಹಾಕಿದ್ದರೆ ತೆಗೆಯಿರಿ. ನಾಲ್ಕು ಫೈಲ್ ಒಟ್ಟಿಗೆ ಕಂಪೈಲ್ ಆಗುವಾಗ ನಾಲ್ಕರ ಸಾಲುಗಳೂ ಕಲಸಿ ಬರುತ್ತವೆ, ಯಾವುದು ಮೊದಲಿನದು ಎಂದು ಗೊತ್ತಾಗುವುದಿಲ್ಲ.

ಮೊದಲ ಎರರ್ ಯಾವ ಹಂತದ್ದು ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕ ಹಾಗೆ. 'ಝಡ್‌ಲಿಬ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಎಂದರೆ ಕಂಪೈಲರ್‌ಗೆ ಹೆಡರ್ (ಲೈಬ್ರರಿಯಲ್ಲಿ ಏನೇನಿದೆ ಎಂದು ಹೇಳುವ ಫೈಲ್) ಸಿಕ್ಕಿಲ್ಲ. 'ಕೆನಾಟ್ ಫೈಂಡ್ -ಎಲ್‌ಝಡ್' ಎಂದರೆ ಕಂಪೈಲ್ ಮುಗಿದಿದೆ, ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ಲಿಬ್‌ಝಡ್ ಎಂಬ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಹುಡುಕುತ್ತಿದೆ: '-ಎಲ್' ತೆಗೆದು ಆ ಜಾಗಕ್ಕೆ 'ಲಿಬ್' ಸೇರಿಸಿದರೆ ಲೈಬ್ರರಿಯ ಹೆಸರು. ಮೇಕ್‌ಗೂ ಮೊದಲು, ಬೇಕಾದದ್ದೆಲ್ಲ ಇದೆಯೇ ಎಂದು ನೋಡುವ ಕಾನ್ಫಿಗರ್‌ನಲ್ಲೇ 'ಸಿ ಕಂಪೈಲರ್ ಕೆನಾಟ್ ಕ್ರಿಯೇಟ್ ಎಕ್ಸಿಕ್ಯೂಟಬಲ್ಸ್' ಬಂದರೆ ಕಂಪೈಲರ್ ಕೆಟ್ಟಿದೆ ಎಂದು ಗಾಬರಿ ಬೇಡ. ಜಿಸಿಸಿ (ಸಿ ಕಂಪೈಲರ್) ಇದ್ದು ಲಿಬ್‌ಸಿ6-ಡೆವ್ (ಸಿ ಲೈಬ್ರರಿಯ ಹೆಡರ್‌ಗಳ ಪ್ಯಾಕೇಜ್) ಇಲ್ಲದಿದ್ದರೂ ಅದೇ ಮಾತು ಬರುತ್ತದೆ. 'ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್' ಕೊಟ್ಟರೆ ಜಿಸಿಸಿ, ಜಿ++, ಮೇಕ್, ಲಿಬ್‌ಸಿ6-ಡೆವ್ ನಾಲ್ಕೂ ಒಟ್ಟಿಗೆ ಬರುತ್ತವೆ. ಕಾನ್ಫಿಗರ್ ನಿಂತ ನಿಜವಾದ ಕಾರಣ ಅದೇ ಫೋಲ್ಡರಿನ ಕಾನ್ಫಿಗ್.ಲಾಗ್‌ನಲ್ಲಿರುತ್ತದೆ.

ಹೆಡರ್ ಹೆಸರು ಗೊತ್ತು, ಪ್ಯಾಕೇಜ್ ಹೆಸರು ಗೊತ್ತಿಲ್ಲ ಎಂದಾದರೆ ಆ್ಯಪ್ಟ್-ಫೈಲ್ ಇನ್‌ಸ್ಟಾಲ್ ಮಾಡಿ. 'ಸುಡೊ ಆ್ಯಪ್ಟ್-ಫೈಲ್ ಅಪ್‌ಡೇಟ್' ಒಮ್ಮೆ ಕೊಟ್ಟು, 'ಆ್ಯಪ್ಟ್-ಫೈಲ್ ಸರ್ಚ್ ಇನ್‌ಕ್ಲೂಡ್/ಝಡ್‌ಲಿಬ್.ಎಚ್' ಎಂದು ಕೇಳಿ. ಬರುವ ಪಟ್ಟಿಯಲ್ಲಿ ನೇರವಾಗಿ /ಯುಎಸ್‌ಆರ್/ಇನ್‌ಕ್ಲೂಡ್ ಒಳಗಿರುವ ಸಾಲು ನಿಮ್ಮದು: ಝಡ್‌ಲಿಬ್1ಜಿ-ಡೆವ್. ನಡುವೆ ಇರುವುದು ಒಂದು ಎಂಬ ಅಂಕಿ, ಎಲ್ ಅಕ್ಷರವಲ್ಲ. ಇಲ್ಲಿ ಎಡವದವರು ಕಡಿಮೆ. ಕೆಲವು ಹೆಡರ್‌ಗಳು ಎಕ್ಸ್86_64-ಲಿನಕ್ಸ್-ಗ್ನು ಎಂಬ ಒಳಫೋಲ್ಡರಿನಲ್ಲಿರುತ್ತವೆ. ಅಂಥಲ್ಲಿ 'ಕರ್ಲ್/ಕರ್ಲ್.ಎಚ್' ಎಂಬಷ್ಟೇ ತುಂಡು ಕೊಟ್ಟು ಹುಡುಕಿ.

ಪ್ರಶ್ನೆ: ನಮ್ಮ ಹಿರಿಯರ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಕ್ಷರಕ್ಕೆ ಇಳಿಸಲು ಟೆಸರಾಕ್ಟ್ ಕಂಪೈಲ್ ಮಾಡುತ್ತಿದ್ದೇನೆ. 'ಲೆಪ್ಟೋನಿಕಾ 1.74 ಆರ್ ಹೈಯರ್ ಈಸ್ ರಿಕ್ವೈರ್ಡ್' ಎಂದು ಕಾನ್ಫಿಗರ್ ನಿಲ್ಲುತ್ತದೆ. ಲಿಬ್‌ಲೆಪ್ಟ್5 ನನ್ನಲ್ಲಿ ಆಗಲೇ ಇದೆ, ಸಿನಾಪ್ಟಿಕ್ ಪ್ಯಾಕೇಜ್ ಪಟ್ಟಿಯಲ್ಲಿ ಹಸಿರಾಗಿ ಕಾಣುತ್ತದೆ. ಮತ್ತೇಕೆ ಇಲ್ಲ ಎನ್ನುತ್ತದೆ?
— ಓದುಗರು, ಬೆಟಗೇರಿ, ಗದಗ

ಉತ್ತರ: ಇದೆ, ಆದರೆ ತಿನ್ನುವಷ್ಟು ಇದೆ, ಮಾಡುವಷ್ಟು ಇಲ್ಲ. ಗಿರ್ಮಿಟ್ ತಿನ್ನಲು ಕಾಗದದ ಪೊಟ್ಟಣ ಸಾಕು, ಮಾಡಬೇಕೆಂದರೆ ಚುರುಮುರಿ, ಉಳ್ಳಾಗಡ್ಡಿ ಒಗ್ಗರಣೆ, ಪುಠಾಣಿ ಪುಡಿ ಎಲ್ಲ ಮನೆಯಲ್ಲಿರಬೇಕು. ಲಿಬ್‌ಲೆಪ್ಟ್5 (ಚಿತ್ರ ಓದುವ ಲೆಪ್ಟೋನಿಕಾ ಲೈಬ್ರರಿ) ಆಗಲೇ ಕಂಪೈಲ್ ಆದ ಪ್ರೋಗ್ರಾಂ ಓಡುವುದಕ್ಕೆ. ಹೊಸದಾಗಿ ಕಂಪೈಲ್ ಮಾಡಲು ಆಲ್‌ಹೆಡರ್ಸ್.ಎಚ್ ಎಂಬ ಹೆಡರ್, ಲಿಂಕರ್ ಹುಡುಕುವ ಆವೃತ್ತಿ ಸಂಖ್ಯೆಯಿಲ್ಲದ .ಎಸ್‌ಒ ಕೊಂಡಿ, ಮತ್ತು ಲೈಬ್ರರಿ ಎಲ್ಲಿದೆ ಎಂದು ಹೇಳುವ ಲೆಪ್ಟ್.ಪಿಸಿ ಫೈಲ್ ಬೇಕು. ಮೂರೂ ಇರುವುದು ಲಿಬ್‌ಲೆಪ್ಟೋನಿಕಾ-ಡೆವ್‌ನಲ್ಲಿ. ಡೆಬಿಯನ್ ಕುಟುಂಬದಲ್ಲಿ ಬಾಲ '-ಡೆವ್', ಫೆಡೋರಾದಲ್ಲಿ '-ಡೆವೆಲ್'.

ಹಾಕಿದ ಮೇಲೆ 'ಪಿಕೆಜಿ-ಕಾನ್ಫಿಗ್ --ಮಾಡ್‌ವರ್ಶನ್ ಲೆಪ್ಟ್' ಎಂದು ಕೇಳಿ. ಆವೃತ್ತಿ ಸಂಖ್ಯೆ ಬಂದರೆ ಕಾನ್ಫಿಗರ್‌ಗೂ ಅದು ಕಾಣುತ್ತದೆ. ಬರದಿದ್ದರೆ ಮುಂದೆ ಹೋಗಿ ಪ್ರಯೋಜನವಿಲ್ಲ. ಟೆಸರಾಕ್ಟ್‌ಗೆ ಇದಲ್ಲದೆ ಆಟೊಮೇಕ್, ಲಿಬ್‌ಟೂಲ್, ಪಿಕೆಜಿ-ಕಾನ್ಫಿಗ್, ಜಿ++ ಬೇಕು. ಕ್ರಮ ಇದು: ./ಆಟೊಜೆನ್.ಎಸ್‌ಎಚ್, ./ಕಾನ್ಫಿಗರ್, ಮೇಕ್, ಸುಡೊ ಮೇಕ್ ಇನ್‌ಸ್ಟಾಲ್, ಕೊನೆಗೆ ಸುಡೊ ಎಲ್‌ಡಿಕಾನ್ಫಿಗ್. ಈ ಕೊನೆಯದನ್ನು ಮರೆತರೆ ಎಲ್ಲ ಸರಿಯಾಗಿ ಕಂಪೈಲ್ ಆಗಿಯೂ ಓಡಿಸುವಾಗ 'ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್' ಬರಬಹುದು. ಹೊಸ ಲೈಬ್ರರಿ /ಯುಎಸ್‌ಆರ್/ಲೋಕಲ್/ಲಿಬ್‌ಗೆ ಹೋಗಿ ಕುಳಿತಿರುತ್ತದೆ, ಓಡಿಸುವಾಗ ಲೈಬ್ರರಿ ಹುಡುಕಿಕೊಡುವ ಲೋಡರ್‌ನ ಪಟ್ಟಿಯಲ್ಲಿ ಅದರ ಹೆಸರು ಬಂದಿರುವುದಿಲ್ಲ.

ಲೆಪ್ಟೋನಿಕಾವನ್ನೂ ಸೋರ್ಸ್‌ನಿಂದಲೇ ಮಾಡುವ ಉಮೇದು ಬಂದರೆ ಒಂದು ಕಡೆ ಕಣ್ಣಿಡಿ. ಪಿಎನ್‌ಜಿ, ಜೆಪೆಗ್, ಟಿಫ್ ಲೈಬ್ರರಿಗಳು ಅದಕ್ಕೆ ಕಡ್ಡಾಯವಲ್ಲ. ಸಿಗದಿದ್ದರೆ ಎರರ್ ಕೊಡದೆ, ಕಾನ್ಫಿಗರ್ ಹೊತ್ತಿಗೆ 'ಚೆಕಿಂಗ್ ಫಾರ್... ನೋ' ಎಂದು ಒಂದು ಸಾಲು ಮುದ್ರಿಸಿ ಮುಂದೆ ಸಾಗುತ್ತದೆ. ಎಲ್ಲ ಮುಗಿದು ಪುಟದ ಚಿತ್ರ ಕೊಟ್ಟಾಗ 'ಫಂಕ್ಷನ್ ನಾಟ್ ಪ್ರೆಸೆಂಟ್' ಎನ್ನುತ್ತದೆ. ಕಡ್ಡಾಯದ ಡಿಪೆಂಡೆನ್ಸಿ (ಬೇಕಾಗುವ ಬೇರೆ ಲೈಬ್ರರಿ) ಬಾಗಿಲಲ್ಲೇ ತಡೆಯುತ್ತದೆ, ಐಚ್ಛಿಕದ್ದು ಒಳಗೆ ಬಿಟ್ಟು ಆಮೇಲೆ ಕೈಕೊಡುತ್ತದೆ. ಹೆಚ್ಚು ಹೊತ್ತು ತಿನ್ನುವುದು ಎರಡನೆಯದೇ. ಪರಿಹಾರ: ಲಿಬ್‌ಪಿಎನ್‌ಜಿ-ಡೆವ್, ಲಿಬ್‌ಜೆಪೆಗ್-ಡೆವ್, ಲಿಬ್‌ಟಿಫ್-ಡೆವ್, ಝಡ್‌ಲಿಬ್1ಜಿ-ಡೆವ್ ಹಾಕಿ, ಲೆಪ್ಟೋನಿಕಾ ಫೋಲ್ಡರಿನಲ್ಲಿ ಮೇಕ್ ಡಿಸ್ಟ್‌ಕ್ಲೀನ್ ಕೊಟ್ಟು, ಕಾನ್ಫಿಗರ್‌ನಿಂದ ಶುರು ಮಾಡಿ. ಬರೀ ಮೇಕ್ ಮತ್ತೊಮ್ಮೆ ಕೊಟ್ಟರೆ ಹಳೆಯ 'ನೋ' ಹಾಗೆಯೇ ಉಳಿಯುತ್ತದೆ. 'ಟೆಸರಾಕ್ಟ್ --ವರ್ಶನ್' ಕೊಟ್ಟಾಗ ಲೆಪ್ಟೋನಿಕಾ ಸಾಲಿನ ಕೆಳಗೆ ಲಿಬ್‌ಪಿಎನ್‌ಜಿ, ಲಿಬ್‌ಟಿಫ್ ಹೆಸರು ಕಂಡರೆ ಕೆಲಸ ಆಗಿದೆ.

ಕನ್ನಡಕ್ಕೆ ಕೆಎಎನ್.ಟ್ರೇನ್ಡ್‌ಡೇಟಾ ಫೈಲ್ ಬೇಕು. ನೀವು ಕಂಪೈಲ್ ಮಾಡಿದ ಟೆಸರಾಕ್ಟ್ ಅದನ್ನು /ಯುಎಸ್‌ಆರ್/ಲೋಕಲ್/ಶೇರ್/ಟೆಸ್‌ಡೇಟಾದಲ್ಲಿ ಹುಡುಕುತ್ತದೆ. ಆ್ಯಪ್ಟ್‌ನಿಂದ ಟೆಸರಾಕ್ಟ್-ಒಸಿಆರ್-ಕೆಎಎನ್ ಹಾಕಿದರೆ ಅದು /ಯುಎಸ್‌ಆರ್/ಶೇರ್ ಒಳಗೆ ಹೋಗುವುದರಿಂದ ಇದಕ್ಕೆ ಕಾಣುವುದಿಲ್ಲ, ನಕಲು ಮಾಡಿ ಇಡಿ. 'ಟೆಸರಾಕ್ಟ್ --ಲಿಸ್ಟ್-ಲ್ಯಾಂಗ್ಸ್' ಪಟ್ಟಿಯಲ್ಲಿ ಕೆಎಎನ್ ಬಂದ ಮೇಲೆ '-ಎಲ್ ಕೆಎಎನ್' ಕೊಟ್ಟು ಓಡಿಸಿ.

ಇಷ್ಟೆಲ್ಲ ಹೇಳಿದರೂ ನಮ್ಮ ಅಭಿಪ್ರಾಯ ಬೇರೆಯೇ ಇದೆ. ಪುಸ್ತಕ ಇಳಿಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಆ್ಯಪ್ಟ್‌ನ ಟೆಸರಾಕ್ಟ್-ಒಸಿಆರ್ ಮತ್ತು ಅದರ ಕನ್ನಡ ಪ್ಯಾಕೇಜ್ ಸಾಕು. ಕಂಪೈಲ್‌ಗೆ ಹಿಡಿಯುವ ಹೊತ್ತನ್ನು 300 ಡಿಪಿಐನಲ್ಲಿ ಪುಟ ಸೊಟ್ಟಗಾಗದಂತೆ ಸ್ಕ್ಯಾನ್ ಮಾಡಲು ಕೊಡಿ, ಫಲ ಹೆಚ್ಚು.

ಪ್ರಶ್ನೆ: ಪರೀಕ್ಷೆ ತಯಾರಿಗೆಂದು ಪೈಥಾನ್ ಹೊಸ ಆವೃತ್ತಿಯನ್ನು ಸೋರ್ಸ್‌ನಿಂದ ಹಾಕಿದೆ. ಒಂದೂ ಎರರ್ ಬರಲಿಲ್ಲ. ಆದರೆ ಪಿಪ್ (ಪೈಥಾನ್ ಪ್ಯಾಕೇಜ್ ತರುವ ಆದೇಶ) ಓಡಿಸಿದರೆ ಭದ್ರ ಸಂಪರ್ಕದ ಎಸ್‌ಎಸ್‌ಎಲ್ ಮಾಡ್ಯೂಲ್ ಇಲ್ಲ ಎನ್ನುತ್ತದೆ.
— ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

ಉತ್ತರ: ಬೆಟಗೇರಿಯವರಿಗೆ ಹೇಳಿದ ಐಚ್ಛಿಕ ಡಿಪೆಂಡೆನ್ಸಿಯದೇ ಕಾಟ. ಮೇಕ್ ಮುಗಿಯುವ ಹೊತ್ತಿಗೆ 'ದ ನೆಸೆಸರಿ ಬಿಟ್ಸ್ ಟು ಬಿಲ್ಡ್ ದೀಸ್ ಆಪ್ಷನಲ್ ಮಾಡ್ಯೂಲ್ಸ್ ವರ್ ನಾಟ್ ಫೌಂಡ್' ಎಂದು ಒಂದು ಪಟ್ಟಿ ಬಂದಿರುತ್ತದೆ. _ಎಸ್‌ಎಸ್‌ಎಲ್ ಅದರಲ್ಲೇ ಇತ್ತು, ನೋಡಿರಲಿಕ್ಕಿಲ್ಲ. ಲಿಬ್‌ಎಸ್‌ಎಸ್‌ಎಲ್-ಡೆವ್ ಒಂದನ್ನೇ ಹಾಕಿ ಮತ್ತೆ ಕಂಪೈಲ್ ಮಾಡಿದರೆ ನಾಳೆ ಸಿಟೈಪ್ಸ್ ಇಲ್ಲ, ನಾಡಿದ್ದು ಎಸ್‌ಕ್ಯೂಲೈಟ್ ಇಲ್ಲ ಎನ್ನುತ್ತದೆ. ಒಂದೇ ಸಲಕ್ಕೆ ಎಲ್ಲ ಹಾಕಿಬಿಡಿ: ಲಿಬ್‌ಎಸ್‌ಎಸ್‌ಎಲ್-ಡೆವ್, ಲಿಬ್‌ಎಫ್‌ಎಫ್‌ಐ-ಡೆವ್ (ಸಿಟೈಪ್ಸ್‌ಗೆ), ಲಿಬ್‌ಎಸ್‌ಕ್ಯೂಲೈಟ್3-ಡೆವ್, ಲಿಬ್‌ಬಿಝಡ್2-ಡೆವ್, ಲಿಬ್‌ಎಲ್‌ಝಡ್‌ಎಂಎ-ಡೆವ್, ಲಿಬ್‌ರೀಡ್‌ಲೈನ್-ಡೆವ್, ಲಿಬ್‌ಎನ್‌ಕರ್ಸಸ್-ಡೆವ್, ಟಿಕೆ-ಡೆವ್, ಝಡ್‌ಲಿಬ್1ಜಿ-ಡೆವ್. ಆಮೇಲೆ ಕಾನ್ಫಿಗರ್‌ನಿಂದ ಹಿಡಿದು ಎಲ್ಲ ಹೊಸದಾಗಿ.

ನಿಮ್ಮದು ಉಬುಂಟು 16.04 ಆಗಿದ್ದರೆ ಇದರಿಂದಲೂ ಆಗದು. ಪೈಥಾನ್ 3.10ರಿಂದ ಮುಂದಕ್ಕೆ ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಹೊಸದು ಬೇಕು, 16.04ರಲ್ಲಿರುವುದು 1.0.2. ಪ್ಯಾಕೇಜ್ ಇದೆ, ವಯಸ್ಸಾಗಿದೆ. ಅಲ್ಲಿ ಸಿಸ್ಟಂ ಹೊಸದು ಮಾಡುವುದೇ ಕಡಿಮೆ ತ್ರಾಸಿನ ದಾರಿ. ಇನ್ನು, 'ಮೇಕ್ ಇನ್‌ಸ್ಟಾಲ್' ಬದಲು 'ಮೇಕ್ ಆಲ್ಟ್‌ಇನ್‌ಸ್ಟಾಲ್' ಕೊಡಿ. ಇಲ್ಲದಿದ್ದರೆ ಪೈಥಾನ್3 ಎಂದು ಕರೆದಾಗ ಹಳೆಯದರ ಬದಲು ನಿಮ್ಮ ಹೊಸದು ಬಂದು ನಿಲ್ಲುತ್ತದೆ.

ಪ್ರಶ್ನೆ: ಯುಎಸ್‌ಬಿ ವೈಫೈ ಡಾಂಗಲ್ ತಂದೇನ್ರಿ. ಡ್ರೈವರ್ ಕಂಪೈಲ್ ಮಾಡಾಕ ಹೋದ್ರ '/ಲಿಬ್/ಮಾಡ್ಯೂಲ್ಸ್/.../ಬಿಲ್ಡ್: ನೋ ಸಚ್ ಫೈಲ್' ಅಂತೈತಿ.
— ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ನಿಮ್ಮ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಹೆಡರ್ ಇಲ್ಲ. 'ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-$(ಯುನೇಮ್ -ಆರ್)' ಕೊಡಿ. ವೈಫೈಯೇ ಇಲ್ಲದೆ ಇದನ್ನು ಇಳಿಸುವುದು ಹೇಗೆ ಅಂತೀರಾ? ಫೋನನ್ನು ಕೇಬಲ್‌ನಿಂದ ಸೇರಿಸಿ ಯುಎಸ್‌ಬಿ ಟೆದರಿಂಗ್ ಹಾಕಿ, ಉಬುಂಟು ಅದನ್ನು ಸಾಮಾನ್ಯವಾಗಿ ತಾನೇ ಹಿಡಿದುಕೊಳ್ಳುತ್ತದೆ. ಕರ್ನಲ್ ಅಪ್‌ಡೇಟ್ ಆದ ಮರುದಿನ ಡಾಂಗಲ್ ಮತ್ತೆ ಸತ್ತಿರುತ್ತದೆ, ಯಾಕೆಂದರೆ ಡ್ರೈವರ್ ಹಳೆಯ ಕರ್ನಲ್‌ಗೆ ಹೊಲಿದ ಅಂಗಿ. ಅದಕ್ಕೆ ಡಿಕೆಎಂಎಸ್ (ಕರ್ನಲ್ ಬದಲಾದಾಗ ಡ್ರೈವರನ್ನು ತಾನೇ ಮತ್ತೆ ಕಂಪೈಲ್ ಮಾಡುವ ಸಾಧನ) ಮತ್ತು ಲಿನಕ್ಸ್-ಹೆಡರ್ಸ್-ಜೆನೆರಿಕ್ ಹಾಕಿಟ್ಟುಕೊಂಡು, ಡ್ರೈವರ್ ಡಿಕೆಎಂಎಸ್‌ಗೆ ಒಗ್ಗುವಂಥದ್ದಾದರೆ ಅದರ ಮೂಲಕವೇ ಹಾಕಿ. 'ಕೀ ವಾಸ್ ರಿಜೆಕ್ಟೆಡ್' ಎಂದು ಬಂದರೆ ಅದು ಸೆಕ್ಯೂರ್ ಬೂಟ್‌ನ (ಸಹಿಯಿಲ್ಲದ ಡ್ರೈವರ್ ಒಪ್ಪದ ಭದ್ರತಾ ವ್ಯವಸ್ಥೆಯ) ತಕರಾರು, ಡಿಪೆಂಡೆನ್ಸಿಯದಲ್ಲ.

ಪ್ರಶ್ನೆ: 2 ಜಿಬಿ ರ‍್ಯಾಮ್‌ನ ಹಳೆಯ ಡೆಸ್ಕ್‌ಟಾಪ್. ಆ್ಯಪ್ಟ್ ಅಪ್‌ಡೇಟ್ ಕೊಟ್ಟರೆ 'ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್', ಹೀಗಾಗಿ -ಡೆವ್ ಪ್ಯಾಕೇಜ್ ಯಾವುದೂ ಬರುವುದಿಲ್ಲ. ಹೇಗೋ ಕಂಪೈಲ್ ಶುರು ಮಾಡಿದರೆ 'ಕ್ಲಾಕ್ ಸ್ಕ್ಯೂ' ಎಂದು ಎಚ್ಚರಿಸಿ, ಕೊನೆಗೆ 'ಕಿಲ್ಡ್' ಎಂದು ನಿಲ್ಲುತ್ತದೆ.
— ಓದುಗರು, ಬ್ಯಾಡಗಿ

ಉತ್ತರ: ಮೊದಲ ಎರಡಕ್ಕೂ ಕಾರಣ ಒಂದೇ, ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್. ಅದು ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಆ್ಯಪ್ಟ್‌ಗೆ ಇಂದಿನ ಫೈಲ್ 'ಮುಂದಿನ ಕಾಲದ್ದು' ಎನಿಸುತ್ತದೆ. ಯಾವ ಫೈಲ್ ಹೊಸದು, ಯಾವುದು ಹಳೆಯದು ಎಂದು ತಾರೀಖು ನೋಡಿಯೇ ಕೆಲಸ ಮಾಡುವ ಮೇಕ್‌ಗೂ ಗೊಂದಲ. ಬಹುತೇಕ ಬೋರ್ಡ್‌ಗಳಲ್ಲಿ ಸಿಆರ್2032, 3 ವೋಲ್ಟ್. ಪ್ಲಗ್ ಕಿತ್ತು ಬದಲಿಸಿ, ಬಯೋಸ್‌ನಲ್ಲಿ ತಾರೀಖು ಸರಿಮಾಡಿ. ಸೋರ್ಸ್ ಫೋಲ್ಡರನ್ನು ಅಳಿಸಿ ಟಾರ್ ಫೈಲಿನಿಂದ ಮತ್ತೆ ಬಿಚ್ಚಿಕೊಳ್ಳಿ, ತಪ್ಪು ತಾರೀಖಿನ ಅರ್ಧಂಬರ್ಧ ಫೈಲ್‌ಗಳು ಅಲ್ಲಿರುವುದು ಬೇಡ.

'ಕಿಲ್ಡ್' ಎಂದರೆ ಯಾವ ಲೈಬ್ರರಿಯೂ ಕಳೆದಿಲ್ಲ, ರ‍್ಯಾಮ್ ಸಾಲದೆ ಕರ್ನಲ್ಲೇ ಕಂಪೈಲರನ್ನು ಕೊಂದಿದೆ. 'ಸುಡೊ ಡಿಎಂಇಎಸ್‌ಜಿ' ಕೊಟ್ಟರೆ ಕೊನೆಯ ಕಡೆ 'ಔಟ್ ಆಫ್ ಮೆಮರಿ' ಕಾಣುತ್ತದೆ. ಸಿ++ ಪ್ರೋಗ್ರಾಂಗಳಲ್ಲಿ ಇದು ಹೆಚ್ಚು. 'ಮೇಕ್ -ಜೆ1' ಕೊಡಿ. ಆಗಲೂ ಆಗದಿದ್ದರೆ 4 ಜಿಬಿ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಮಾಡಿ: 'ಸುಡೊ ಫಾಲೊಕೇಟ್ -ಎಲ್ 4ಜಿ /ಸ್ವಾಪ್2', 'ಸುಡೊ ಸಿಎಚ್‌ಮಾಡ್ 600 /ಸ್ವಾಪ್2', 'ಸುಡೊ ಎಂಕೆಸ್ವಾಪ್ /ಸ್ವಾಪ್2', 'ಸುಡೊ ಸ್ವಾಪಾನ್ /ಸ್ವಾಪ್2'. ಸ್ವಾಪ್‌ಫೈಲ್ ಎಂಬ ಹೆಸರಿನದು ಉಬುಂಟುವಿನಲ್ಲಿ ಆಗಲೇ ಇರಬಹುದು, ಅದಕ್ಕೇ ಬೇರೆ ಹೆಸರು. ಹಳೆಯ ಹಾರ್ಡ್‌ಡಿಸ್ಕ್ ಮೇಲೆ ಸ್ವಾಪ್ ಬಲು ನಿಧಾನ, ರಾತ್ರಿ ಮಲಗುವ ಮುಂಚೆ ಹಚ್ಚಿಡಿ. ಯುಪಿಎಸ್ ಇದ್ದರೆ ಒಳ್ಳೆಯದು. ಇಲ್ಲದೆ ನಡುವೆ ಕರೆಂಟ್ ಹೋದರೆ, ಬಂದ ಮೇಲೆ 'ಸುಡೊ ಸ್ವಾಪಾನ್ /ಸ್ವಾಪ್2' ಕೊಟ್ಟು ಅದೇ ಫೋಲ್ಡರಿನಲ್ಲಿ ಮತ್ತೆ ಮೇಕ್ ಕೊಡಿ, ಆದಷ್ಟನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ.