ಜಿಲ್ಲೆಯ ಮಳೆಯ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್ ಎರಡೂ ಹೊಂದಿದರೆ ಕ್ಲೈಮೇಟ್ ಮಾಡೆಲ್ ಸರಿ ಇದೆ ಅನ್ನಬಹುದಾ?

ಉತ್ತರ ಕನ್ನಡದ ಮಳೆಯನ್ನು ಒಂದು ಕ್ಲೈಮೇಟ್ ಮಾಡೆಲ್ (ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾದರಿ) ಜೊತೆ ಹೋಲಿಸಿದ್ದೀರಿ. ಸರಾಸರಿ ಹೊಂದಿತು, ಊರಿಂದ ಊರಿಗಿರುವ ವ್ಯತ್ಯಾಸದ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಕೂಡ ಹೊಂದಿತು. ಆದರೂ ನಿಮ್ಮ ಪ್ರಬಂಧದ ಗೈಡ್ ಒಪ್ಪುತ್ತಿಲ್ಲ, ಯಾಕೆ ಅಂತ ನಿಮ್ಮ ಪ್ರಶ್ನೆ. ಗೈಡ್ ಹೇಳಿದ್ದೇ ಸರಿ. ನಾನು ಶಿರಸಿಯವನು, ಮಳೆಯ ಅಂಕಿಗಳ ಜೊತೆಗೇ ಕೆಲಸ. ಹಾಗಾಗಿ ನಮ್ಮ ಊರುಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿ ತೆಗೆದುಕೊಳ್ಳೋಣ. ವರ್ಷದ ಮಳೆ ಕಡಲ ಬದಿಯ ಭಟ್ಕಳಕ್ಕೆ 3500 ಮಿ.ಮೀ., ಕಾರವಾರಕ್ಕೆ 3000, ಘಟ್ಟದ ಮೇಲಿನ ಶಿರಸಿಗೆ 2500, ಇನ್ನೂ ಒಳಗಿನ ಮುಂಡಗೋಡಕ್ಕೆ 1200 ಅನ್ನಿ. ಸರಾಸರಿ 2550, ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು 856. ಈಗ ಮಾಡೆಲ್ ಭಟ್ಕಳದ ಮಳೆಯನ್ನು ಮುಂಡಗೋಡದಲ್ಲಿ ಸುರಿಸಿ, ಮುಂಡಗೋಡದ್ದನ್ನು ಭಟ್ಕಳಕ್ಕೆ ಕೊಟ್ಟಿತು ಅಂತಿಟ್ಟುಕೊಳ್ಳಿ. ಸರಾಸರಿ ಅದೇ 2550. ಡೀವಿಯೇಶನ್ ಅದೇ 856. ಗೋವಿನಜೋಳದ ಹೊಲ ಮುಳುಗಿ ಕಡಲ ಬದಿ ಒಣಗಿದರೂ ಈ ಎರಡು ಅಂಕಿಗಳು ಕಮಕ್ ಕಿಮಕ್ ಅನ್ನುವುದಿಲ್ಲ. ಎಷ್ಟು ವ್ಯತ್ಯಾಸ ಅಂತ ಮಾತ್ರ ಅವಕ್ಕೆ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ. ಇದೇ ನಾಲ್ಕು ಊರಿಗೆ ಪ್ಯಾಟರ್ನ್ ಕೊರಿಲೇಶನ್ (ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅನ್ನುವುದು ಎಷ್ಟು ಹೊಂದುತ್ತದೆ ಅನ್ನುವ ಅಂಕಿ; ಪೂರ್ತಿ ಹೊಂದಿದರೆ 1, ಪೂರ್ತಿ ಉಲ್ಟಾ ಆದರೆ ಮೈನಸ್ 1) ತೆಗೆದು ನೋಡಿ, ಮೈನಸ್ 0.8 ಬರುತ್ತದೆ. ಬಣ್ಣ ಬಯಲಾಯಿತು ಅಲ್ವಾ?

ಇದಕ್ಕೇ ಎಲ್ಲರೂ ಟೇಲರ್ ಡಯಾಗ್ರಾಮ್ ಅನ್ನುವ ಚಿತ್ರ ಹಾಕುವುದು. ಕಾರ್ಲ್ ಟೇಲರ್ 2001ರಲ್ಲಿ ಪ್ರಕಟಿಸಿದ್ದು. ಡೀವಿಯೇಶನ್, ಕೊರಿಲೇಶನ್, ಆರ್‌ಎಂಎಸ್ ವ್ಯತ್ಯಾಸ (ವ್ಯತ್ಯಾಸಗಳ ವರ್ಗದ ಸರಾಸರಿಯ ವರ್ಗಮೂಲ) ಮೂರೂ ಒಂದೇ ಚುಕ್ಕೆಯಲ್ಲಿ ಸಿಗುತ್ತವೆ. ಆದರೆ ಅದರಲ್ಲಿ ಸರಾಸರಿಯನ್ನು ಮೊದಲೇ ಕಳೆದಿರುತ್ತಾರೆ. ಎಲ್ಲ ಊರಿಗೂ 500 ಮಿ.ಮೀ. ಜಾಸ್ತಿ ಸುರಿಸುವ ಮಾಡೆಲ್ ಕೂಡ ಅಲ್ಲಿ ಚೆನ್ನಾಗಿಯೇ ಕಾಣುತ್ತದೆ. ಸರಾಸರಿಯ ವ್ಯತ್ಯಾಸವನ್ನು ಬೇರೆಯಾಗಿ ಬರೆಯಿರಿ.

ಇನ್ನು ಜನ ಜಾಸ್ತಿ ಎಡವುವ ಜಾಗ. ಕೊರಿಲೇಶನ್ 0.9 ಬಂತು ಅಂತ ಖುಷಿಪಡಬೇಡಿ. ಪಡುವಣ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಮಳೆ ಸುರಿಸುತ್ತದೆ, ಘಟ್ಟ ದಾಟಿದ ಮೇಲೆ ಕಡಿಮೆಯಾಗುತ್ತದೆ. ಘಟ್ಟವಂತೂ ಎಲ್ಲೂ ಹೋಗುವುದಿಲ್ಲ. ಮಾಡೆಲ್‌ನಲ್ಲಿ ಘಟ್ಟದ ಎತ್ತರ ಒಂದು ಸುಮಾರಾಗಿ ಇದ್ದರೂ ಸಾಕು, ಅರ್ಧ ಕೊರಿಲೇಶನ್ ಪುಕ್ಕಟೆ ಸಿಕ್ಕಂತೆ. ಆಯಾ ಜಾಗದ ಬಹುವರ್ಷದ ಸರಾಸರಿಯನ್ನು ಕಳೆದು, ಉಳಿದದ್ದಕ್ಕೆ ಕೊರಿಲೇಶನ್ ತೆಗೆಯಿರಿ. ಬರದ ವರ್ಷದಲ್ಲಿ ಯಾವ ತಾಲೂಕಿಗೆ ಎಷ್ಟು ಪೆಟ್ಟು ಅಂತ ಮಾಡೆಲ್‌ಗೆ ಗೊತ್ತಾ ಅನ್ನುವುದು ಆಗಲೇ ತಿಳಿಯುವುದು. ನಾನು ಪ್ರಬಂಧ ನೋಡುವಾಗ ಮೊದಲು ಹುಡುಕುವುದು ಇದನ್ನೇ.

ಆಮೇಲೆ ವೇರಿಯೋಗ್ರಾಮ್, ಅಂದರೆ ದೂರಕ್ಕೆ ತಕ್ಕಂತೆ ಮಳೆ ಎಷ್ಟು ಬೇರೆಯಾಗುತ್ತದೆ ಅಂತ ತೋರಿಸುವ ಗ್ರಾಫ್. ಎರಡೆರಡು ಊರಿನ ಜೋಡಿ ಮಾಡಿ, ಮಳೆಯ ವ್ಯತ್ಯಾಸದ ವರ್ಗದ ಅರ್ಧ ತೆಗೆದು, ದೂರದ ಪ್ರಕಾರ ಗುಂಪು ಮಾಡಿ ಸರಾಸರಿ ಹಾಕುವುದು, ಅಷ್ಟೇ. ಮೇಲಿನ ಅಂಕಿಗಳಲ್ಲೇ ನೋಡಿ. ಕಾರವಾರ–ಭಟ್ಕಳ ನೇರ ಗೆರೆಯಲ್ಲಿ ಸುಮಾರು 100 ಕಿ.ಮೀ.; ವರ್ಗದ ಅರ್ಧ 1,25,000. ಶಿರಸಿ–ಮುಂಡಗೋಡ ಅದರ ಅರ್ಧ ದೂರವೂ ಇಲ್ಲ, ಇಲ್ಲಿ ವರ್ಗದ ಅರ್ಧ 8,45,000. ಹತ್ತಿರದ್ದು ಒಂದೇ ಥರ, ದೂರದ್ದು ಬೇರೆ ಥರ ಅನ್ನುವ ಮಾಮೂಲಿ ಲೆಕ್ಕ ನಮ್ಮಲ್ಲಿ ನಡೆಯುವುದಿಲ್ಲ. ಕಡಲಿನುದ್ದಕ್ಕೆ ಒಂದು, ಘಟ್ಟಕ್ಕೆ ಅಡ್ಡಲಾಗಿ ಇನ್ನೊಂದು ವೇರಿಯೋಗ್ರಾಮ್ ಬೇಕೇ ಬೇಕು. (ಹವಾಮಾನ ಇಲಾಖೆಯ ಉಪವಿಭಾಗದಲ್ಲಿ ಇಡೀ ಜಿಲ್ಲೆ 'ಕರಾವಳಿ ಕರ್ನಾಟಕ'. ಮುಂಡಗೋಡದವರಿಗೆ ಹೇಳಿದರೆ ನಗುತ್ತಾರೆ.)

ಗ್ರಿಡ್, ಅಂದರೆ ಮಾಡೆಲ್ ಭೂಮಿಯನ್ನು ಹಂಚಿಕೊಳ್ಳುವ ಚೌಕಗಳ ಬಗ್ಗೆಯೂ ಒಂದು ಮಾತು. ಜಾಗತಿಕ ಮಾಡೆಲ್‌ಗಳ ಚೌಕ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸು. ಕುಮಟಾದಿಂದ ಶಿರಸಿಗೆ ನೇರ ಗೆರೆ ಎಳೆದರೆ ಸುಮಾರು 50. ಅಂದರೆ ದೇವಿಮನೆ ಘಟ್ಟದ ಕೆಳಗೂ ಮೇಲೂ ಒಂದೇ ಚೌಕ, ಒಂದೇ ಅಂಕಿ. ನಿಮ್ಮ ಮಾಡೆಲ್ ಆ ಜಾತಿಯದ್ದಾದರೆ ಜಿಲ್ಲೆಯೊಳಗಿನ ವ್ಯತ್ಯಾಸ ಅಳೆಯಲು ಸುಮ್ನೆ ಒದ್ದಾಡಬೇಡಿ, ಇಡೀ ಪಶ್ಚಿಮ ಘಟ್ಟ ತೆಗೆದುಕೊಳ್ಳಿ. ಚೌಕದ ಸರಾಸರಿಯನ್ನು ಒಂದು ಮಳೆಮಾಪಕದ ಅಂಕಿಯ ಜೊತೆ ನೇರ ಹೋಲಿಸಲೂ ಬೇಡಿ. ಸರಾಸರಿ ಮಾಡಿದ್ದು ಯಾವಾಗಲೂ ನುಣುಪಾಗಿರುತ್ತದೆ. ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ಮಳೆ 1901ರಿಂದ ಇದೆ. ಮಾಡೆಲ್ ಚೌಕ ಅದಕ್ಕಿಂತ ದೊಡ್ಡದಾದರೆ ಅದನ್ನೂ ಅಷ್ಟೇ ದೊಡ್ಡ ಚೌಕಕ್ಕೆ ತಂದು ಹೋಲಿಸಿ.

ಮಳೆ ತರುವ ಗಾಳಿಯನ್ನೂ ಮಾಡೆಲ್ ಜೊತೆ ಹೋಲಿಸುವುದಾದರೆ, ಅದು ಸ್ವಲ್ಪ ಸಲೀಸು. 850 ಹೆಕ್ಟೋಪ್ಯಾಸ್ಕಲ್ ವಾಯುಒತ್ತಡದ ಮಟ್ಟದ, ಅಂದರೆ ಸುಮಾರು ಒಂದೂವರೆ ಕಿ.ಮೀ. ಎತ್ತರದ ಗಾಳಿ ನೂರಾರು ಕಿ.ಮೀ.ವರೆಗೆ ಹೆಚ್ಚು ಬದಲಾಗುವುದಿಲ್ಲ. ಅದಕ್ಕೆ ಜಿಲ್ಲೆ ಸಾಲದು, ಸೊಮಾಲಿಯಾದಿಂದ ನಮ್ಮ ಕರಾವಳಿವರೆಗಿನ ಅರಬ್ಬಿ ಸಮುದ್ರ ಬೇಕು. ಅಷ್ಟು ದೊಡ್ಡ ಜಾಗಕ್ಕೆ ಅಕ್ಷಾಂಶದ ಕೊಸೈನ್ ತೂಕ ಹಾಕುವುದು ಮರೆಯಬೇಡಿ. 60 ಡಿಗ್ರಿಯಲ್ಲಿ ಚೌಕದ ವಿಸ್ತೀರ್ಣ ಸಮಭಾಜಕದಲ್ಲಿರುವುದರ ಅರ್ಧ ಮಾತ್ರ. ಅರಬ್ಬಿ ಸಮುದ್ರದ ಮಟ್ಟಿಗೆ ವ್ಯತ್ಯಾಸ ಸಣ್ಣದು, ಆದರೂ ಅಭ್ಯಾಸ ಇರಲಿ.

ಮೊದಲು ವೇರಿಯೋಗ್ರಾಮ್ ಮಾಡಿ ಗೈಡ್‌ಗೆ ತೋರಿಸಿ. ಪ್ರೋಗ್ರಾಮಿಂಗ್ ಭಾಷೆ ಆರ್‌ನಲ್ಲಿ ಇದಕ್ಕೆ ಜಿಸ್ಟ್ಯಾಟ್ ಪ್ಯಾಕೇಜ್ ಇದೆ, ಪೈಥಾನ್‌ನಲ್ಲಿ ಸೈಕಿಟ್-ಜಿಸ್ಟ್ಯಾಟ್. ನಾಲ್ಕು ಊರು ಏನೂ ಸಾಲದು, ಸಿಕ್ಕಷ್ಟು ಪಂಚಾಯಿತಿ ಮಳೆಮಾಪಕಗಳ ಅಂಕಿ ಸೇರಿಸಿ. ಅಕ್ಷಾಂಶ ರೇಖಾಂಶಗಳನ್ನು ಮೊದಲು ಯುಟಿಎಂ (ಜಾಗವನ್ನು ಮೀಟರಿನಲ್ಲಿ ಗುರುತಿಸುವ ವ್ಯವಸ್ಥೆ) ವಲಯ 43ಕ್ಕೆ ಬದಲಿಸಿಕೊಳ್ಳಿ. ಜಿಸ್ಟ್ಯಾಟ್‌ನಲ್ಲಿ ದಿಕ್ಕು ಹೇಳುವ ಆಲ್ಫಾ ಉತ್ತರದಿಂದ ಗಡಿಯಾರದ ದಿಕ್ಕಿಗೆ ಎಣಿಸುತ್ತದೆ. ನಮ್ಮ ಕರಾವಳಿಯುದ್ದಕ್ಕೆ 155 ಡಿಗ್ರಿ, ಘಟ್ಟಕ್ಕೆ ಅಡ್ಡಲಾಗಿ 65 ಕೊಟ್ಟರೆ ಆಯಿತು.